ಬೆಲೆ ಕಟ್ಟುವವನ ಧರ್ಮ

೧

ಹಳೆಯ ವಸ್ತುಗಳಿಗೆ ಬೆಲೆ ಕಟ್ಟುವುದು ಲೋಕದಲ್ಲಿ ದಿನವೂ ನಡೆಯುವ ಕೆಲಸ. ಹಳೆಯ ಚಿನ್ನಕ್ಕೆ ಒರೆಗಲ್ಲುಂಟು. ಹಳೆಯ ತಾಮ್ರಕ್ಕೆ ತಕ್ಕಡಿಯುಂಟು. ಹಳೆಯ ಹೊಲಕ್ಕೆ ಅದರ ಬೆಳೆಯ ಲೆಕ್ಕವುಂಟು. ಆದರೆ ಮಕ್ಕಳು ಆಡಿ ಬಿಟ್ಟ ಆಟಿಕೆಗೆ ಬೆಲೆ ಕಟ್ಟಬೇಕಾಗಿ ಬಂದಾಗ ಯಾವ ಒರೆಗಲ್ಲನ್ನು ಹಿಡಿಯಬೇಕು, ಯಾವ ತಕ್ಕಡಿಯನ್ನು ಎತ್ತಬೇಕು? ಪ್ರಶ್ನೆಯು ಮೇಲುನೋಟಕ್ಕೆ ಅಲ್ಪವೆಂದು ತೋರಬಹುದು. ಆದರೆ ಅಲ್ಪವಸ್ತುವಿನಲ್ಲಿಯೇ ಧರ್ಮದ ಸೂಕ್ಷ್ಮವು ನಿಚ್ಚಳವಾಗಿ ಕಾಣುವುದುಂಟು. ಅನ್ನವಸ್ತ್ರಗಳ ವ್ಯಾಪಾರದಲ್ಲಿ ಹಸಿವೂ ಚಳಿಯೂ ನಡುವೆ ಬಂದು ವಿಚಾರವನ್ನು ಕಲಕುತ್ತವೆ. ಆಟಿಕೆಯ ವ್ಯಾಪಾರದಲ್ಲಿ ಅಂಥ ಒತ್ತಾಯವಿಲ್ಲ. ಅಲ್ಲಿ ಉಳಿಯುವುದು ಎರಡೇ: ಒಬ್ಬನ ತಿಳಿವು, ಇನ್ನೊಬ್ಬನ ಅರಿಯಮೆ.

ಒಂದರ ಮೇಲೊಂದನ್ನು ಕೂಡಿಸಿ ಮನೆ, ಗೋಪುರ, ಸೇತುವೆಗಳನ್ನು ಕಟ್ಟುವ ಆಟದ ಇಟ್ಟಿಗೆಗಳು ಐರೋಪ್ಯರ ಮನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ. ಡೆನ್ಮಾರ್ಕಿನ ಒಂದು ಊರಿನಲ್ಲಿ ಒಬ್ಬ ವೃದ್ಧೆಯು ತನ್ನ ಮನೆಯನ್ನು ತೆರವು ಮಾಡುತ್ತಿರುವಳೆಂದು ಭಾವಿಸಬಹುದು. ಮಕ್ಕಳು ಬೆಳೆದು ದೂರದ ಪಟ್ಟಣಗಳನ್ನು ಸೇರಿದ್ದಾರೆ. ಅಟ್ಟದ ಮೇಲೆ ಒಂದು ಮರದ ಪೆಟ್ಟಿಗೆ. ಅದರ ತುಂಬ ಕೆಂಪು, ಬಿಳಿ, ಹಳದಿ ಬಣ್ಣದ ಆಟದ ಇಟ್ಟಿಗೆಗಳು. ಹಳೆಯ ಆಟಿಕೆಗಳನ್ನು ಕೊಳ್ಳುವ ವ್ಯಾಪಾರಿಯೊಬ್ಬನು ಬರುತ್ತಾನೆ. ಎಲ್ಲವನ್ನೂ ತೂಕಕ್ಕೆ ಹಾಕಿ ಕೊಟ್ಟುಬಿಡಲು ಆಕೆಯು ಸಿದ್ಧಳಾಗಿದ್ದಾಳೆ. ವ್ಯಾಪಾರಿಯು ನಾಲ್ಕು ಇಟ್ಟಿಗೆಗಳನ್ನು ಎತ್ತಿ ತಳವನ್ನು ತಿರುಗಿಸಿ ನೋಡಿದೊಡನೆ ಅವು ೧೯೫೮ಕ್ಕೆ ಹಿಂದಿನವೆಂದೂ, ಕೆಳಗೆ ಮಡಿಸಿಟ್ಟಿರುವ ರಟ್ಟು ಆ ಕಾಲದ ಮೂಲ ಡಬ್ಬಿಯೆಂದೂ ಅವನಿಗೆ ತಿಳಿಯುತ್ತದೆ. ತೂಕದ ಬೆಲೆಗೂ ಅವನು ಮುಂದೆ ಪಡೆಯಲಿರುವ ಬೆಲೆಗೂ ಹಲವು ಪಟ್ಟು ಅಂತರ. ಅಷ್ಟರಲ್ಲಿ ಆಕೆಯು, “ಇದಕ್ಕೆ ಏನು ಬೆಲೆ ಬಂದೀತು?” ಎಂದು ಕೇಳುತ್ತಾಳೆ. ಅವನು ಏನು ಹೇಳತಕ್ಕದ್ದು? ಇದೇ ಇಲ್ಲಿ ವಿಚಾರಿಸತಕ್ಕ ಪ್ರಶ್ನೆ.

ಇದಕ್ಕೆ ಉತ್ತರ ಹುಡುಕುವ ಮೊದಲು ಆ ಇಟ್ಟಿಗೆಗಳಲ್ಲಿ ಬೆಲೆಯೆಂಬುದು ಎಲ್ಲಿ ನೆಲಸಿದೆ ಎಂಬುದನ್ನು ತಿಳಿಯಬೇಕು. ಬೆಲೆಯು ವಸ್ತುವಿನಲ್ಲಿಯೇ ಇದ್ದರೆ ಅದು ವಸ್ತುವಿನ ಒಡತಿಗೆ ಸೇರಬೇಕು. ಬೆಲೆಯು ತಿಳಿದವನ ಕಣ್ಣಿನಲ್ಲಿದ್ದರೆ ಅದು ಕಣ್ಣುಳ್ಳವನಿಗೆ ಸೇರಬೇಕು. ವಾದವೆಲ್ಲವೂ ಈ ಕವಲಿನಿಂದಲೇ ಹೊರಡುತ್ತದೆ.

೨

ಇಟ್ಟಿಗೆಯಾಟವನ್ನು ಶಿಕ್ಷಣದ ಸಾಧನವನ್ನಾಗಿ ಮಾಡಿದವರಲ್ಲಿ ಜರ್ಮನಿಯ ಫ್ರೋಬೆಲನು ಮುಖ್ಯನು. ೧೮೪೦ರಲ್ಲಿ ತನ್ನ ಶಾಲೆಗೆ ‘ಕಿಂಡರ್‌ಗಾರ್ಟನ್’, ಎಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟ ಈತನು ಮಕ್ಕಳ ಕೈಗೆ ಕ್ರಮವಾಗಿ ಕೊಡುತ್ತಿದ್ದ ಕೊಡುಗೆಗಳಲ್ಲಿ ಮೂರನೆಯದು ಎಂಟು ಚಿಕ್ಕ ಘನಗಳಾಗಿ ಭಾಗಿಸಿದ ಒಂದು ಮರದ ಘನ. ಮಗುವು ಅದನ್ನು ಬಿಡಿಸಿ ಕುರ್ಚಿಯನ್ನೋ ಮೆಟ್ಟಿಲನ್ನೋ ಕಟ್ಟಿ, ಆಟ ಮುಗಿದ ಮೇಲೆ ಎಂಟನ್ನೂ ಕೂಡಿಸಿ ಮತ್ತೆ ಒಂದೇ ಘನವಾಗಿ ಪೆಟ್ಟಿಗೆಯಲ್ಲಿಡಬೇಕು. ಬಿಡಿಯು ಇಡಿಯಾಗುವುದನ್ನೂ ಇಡಿಯು ಬಿಡಿಯಾಗುವುದನ್ನೂ ಮಗುವು ಕೈಯಿಂದಲೇ ಕಲಿಯಲೆಂಬುದು ಆತನ ಉದ್ದೇಶ.

ಫ್ರೋಬೆಲನ ಶಾಲೆಯಿದ್ದ ಥ್ಯೂರಿಂಗಿಯಾ ಪ್ರಾಂತದ ರೂಡೊಲ್‌ಷ್ಟಾಟ್ ಎಂಬ ಊರಿನಿಂದಲೇ ಮುಂದೆ ಕಲ್ಲಿನ ಆಟದ ಇಟ್ಟಿಗೆಗಳು ಲೋಕಕ್ಕೆಲ್ಲ ಹೋದವು. ಸ್ಫಟಿಕದ ಮರಳು, ಸೀಮೆಸುಣ್ಣ, ಅಗಸೆಯೆಣ್ಣೆ ಇವನ್ನು ಕಲಸಿ ಅಚ್ಚಿನಲ್ಲಿ ಒತ್ತಿ ಮಾಡುವ ಈ ಇಟ್ಟಿಗೆಗಳ ಕ್ರಮವನ್ನು ಕಂಡುಹಿಡಿದವರು ಓಟೋ ಮತ್ತು ಗುಸ್ತಾವ್ ಲಿಲಿಯೆಂತಾಲ್ ಎಂಬ ಸೋದರರು. ಈ ಓಟೋ ಲಿಲಿಯೆಂತಾಲನೇ ರೆಕ್ಕೆ ಕಟ್ಟಿಕೊಂಡು ಗಾಳಿಯಲ್ಲಿ ತೇಲುವ ಪ್ರಯೋಗಗಳನ್ನು ನಡೆಸಿ ೧೮೯೬ರಲ್ಲಿ ಬಿದ್ದು ಮಡಿದ ಸಾಹಸಿ. ಸೋದರರು ತಮ್ಮ ಕ್ರಮವನ್ನು ರಿಕ್ಟರ್ ಎಂಬ ವ್ಯಾಪಾರಿಗೆ ಮಾರಿದರು. ಅವನು ೧೮೮೦ರಲ್ಲಿ ಅದಕ್ಕೆ ಹಕ್ಕುಪತ್ರವನ್ನು ಪಡೆದು, ಹಡಗಿನ ಲಂಗರನ್ನು ಗುರುತಾಗಿಟ್ಟು, ಕೆಂಪು, ಹಳದಿ, ನೀಲಿ ಎಂಬ ಮೂರು ಬಣ್ಣಗಳಲ್ಲಿ ಮಾರಿ ಬಹಳ ಸಂಪಾದಿಸಿದನು. ಕೆಂಪು ಸುಟ್ಟ ಇಟ್ಟಿಗೆಯ ಬಣ್ಣ, ಹಳದಿ ಮರಳುಗಲ್ಲಿನದು, ನೀಲಿ ಮಾಡಿಗೆ ಹೊದಿಸುವ ಪದರಗಲ್ಲಿನದು. ಕಂಡುಹಿಡಿದವರಿಗಿಂತ ಬೆಲೆಯನ್ನು ಅರಿತವನಿಗೆ ಹೆಚ್ಚು ದೊರೆಯಿತೆಂಬುದು ಈ ಆಟಿಕೆಯ ಚರಿತ್ರೆಯ ಮೊದಲ ಪುಟದಲ್ಲಿಯೇ ಬರೆದಿದೆ. ಆ ಕಾರ್ಖಾನೆಯು ೧೯೬೩ರಲ್ಲಿ ನಿಂತು, ೧೯೯೫ರಲ್ಲಿ ಅದೇ ಊರಿನಲ್ಲಿ ಮತ್ತೆ ಆರಂಭವಾಯಿತು.

ಪ್ಲಾಸ್ಟಿಕ್ಕಿನ ಇಟ್ಟಿಗೆಯ ಕಥೆಯೂ ಹೆಚ್ಚು ಬೇರೆಯಲ್ಲ. ಒಂದನ್ನೊಂದು ಕಚ್ಚಿ ಹಿಡಿಯುವ ಟೊಳ್ಳು ಇಟ್ಟಿಗೆಯನ್ನು ಇಂಗ್ಲೆಂಡಿನಲ್ಲಿ ಹಿಲರಿ ಫಿಷರ್ ಪೇಜ್ ಎಂಬವನು ೧೯೪೦ರ ದಶಕದಲ್ಲಿ ಮಾಡಿ ಮಾರುತ್ತಿದ್ದನು. ಡೆನ್ಮಾರ್ಕಿನ ಬಿಲುಂಡ್ ಗ್ರಾಮದ ಬಡಗಿ ಓಲೆ ಕಿರ್ಕ್ ಕ್ರಿಸ್ತಿಯಾನ್ಸೆನನು ೧೯೩೨ರಲ್ಲಿ ಮರದ ಆಟಿಕೆಗಳನ್ನು ಮಾಡತೊಡಗಿ, ೧೯೩೪ರಲ್ಲಿ ತನ್ನ ಉದ್ಯಮಕ್ಕೆ ‘ಚೆನ್ನಾಗಿ ಆಡು’ ಎಂಬರ್ಥದ ಎರಡು ಡೇನಿಷ್ ಮಾತುಗಳನ್ನು ಕೂಡಿಸಿ ‘ಲೆಗೋ’ ಎಂದು ಹೆಸರಿಟ್ಟಿದ್ದನು. ಪೇಜನ ಇಟ್ಟಿಗೆಗಳನ್ನು ಕಂಡು, ಅವನ್ನು ಕೊಂಚ ಮಾರ್ಪಡಿಸಿ, ೧೯೪೯ರಲ್ಲಿ ತಾನೂ ಅಂಥವನ್ನು ಹೊರಡಿಸಿದನು. ಪೇಜನು ೧೯೫೭ರಲ್ಲಿ ತೀರಿಕೊಂಡನು. ಅವನ ಇಟ್ಟಿಗೆಗಳ ಹಕ್ಕನ್ನು ಲೆಗೋ ಸಂಸ್ಥೆಯು ಕೊಂಡದ್ದು ೧೯೮೧ರಲ್ಲಿ. ಮೊದಲಿನ ಇಟ್ಟಿಗೆಗಳ ಹಿಡಿತ ಸಡಿಲವಾಗಿತ್ತು. ೧೯೫೮ರ ಜನವರಿ ೨೮ರಂದು ಓಲೆಯ ಮಗ ಗೊಟ್‌ಫ್ರೆಡನು ಇಟ್ಟಿಗೆಯ ಒಳಗೆ ಕೊಳವೆಗಳನ್ನು ಸೇರಿಸುವ ಉಪಾಯಕ್ಕೆ ಹಕ್ಕುಪತ್ರವನ್ನು ಬೇಡಿದನು. ಆಮೇಲೆ ಹಿಡಿತ ಬಿಗಿಯಾಯಿತು. ಅಂದಿನ ಇಟ್ಟಿಗೆಯು ಇಂದಿನ ಇಟ್ಟಿಗೆಗೆ ಈಗಲೂ ಕೂಡಿಕೊಳ್ಳುತ್ತದೆ.

೩

ಬೆಲೆ ಕಟ್ಟುವವನ ಕಣ್ಣು ಈ ಚರಿತ್ರೆಯನ್ನು ವಸ್ತುವಿನ ಮೇಲೆಯೇ ಓದುತ್ತದೆ. ಅವನ ಪರೀಕ್ಷೆ ನಾಲ್ಕು ಬಗೆಯದು: ದ್ರವ್ಯ, ಸ್ಥಿತಿ, ಪೂರ್ಣತೆ, ದುರ್ಲಭತೆ.

ದ್ರವ್ಯದಿಂದ ಕಾಲವು ತಿಳಿಯುತ್ತದೆ. ಒಳಗೆ ಕೊಳವೆಯಿಲ್ಲದ ಟೊಳ್ಳು ಇಟ್ಟಿಗೆ ೧೯೫೮ಕ್ಕೆ ಹಿಂದಿನ ಮಾದರಿ. ತುದಿಯಲ್ಲಿ ಕಿಟಕಿಬಾಗಿಲುಗಳನ್ನು ಸಿಕ್ಕಿಸಲು ಸೀಳಿದ್ದರೆ ಅದು ಇನ್ನೂ ಮೊದಲಿನದು. ೧೯೬೩ರವರೆಗೆ ಬಳಸಿದ ಸೆಲ್ಯುಲೋಸ್ ಅಸಿಟೇಟ್ ಎಂಬ ದ್ರವ್ಯವು ಕಾಲಕ್ರಮದಲ್ಲಿ ಬಾಗುತ್ತದೆ, ಬಣ್ಣಗೆಡುತ್ತದೆ. ಆಮೇಲೆ ಬಂದ ಎ.ಬಿ.ಎಸ್. ಪ್ಲಾಸ್ಟಿಕ್ ಬಾಗುವುದಿಲ್ಲ. ಬಿಸಿಲಿನಲ್ಲಿದ್ದ ಬಿಳಿಯ ಇಟ್ಟಿಗೆ ಹಳದಿಗೆ ತಿರುಗುತ್ತದೆ. ಕಲ್ಲಿನ ಇಟ್ಟಿಗೆಯಲ್ಲಾದರೆ ಅಂಚು ಮುಕ್ಕಾಗಿದೆಯೇ, ಮೂಲೆ ಉದುರಿದೆಯೇ ಎಂದು ನೋಡಬೇಕು. ಸ್ಥಿತಿಯ ಪರೀಕ್ಷೆಯಲ್ಲಿ ಹಲ್ಲಿನ ಗುರುತೂ ಲೆಕ್ಕಕ್ಕೆ ಬರುತ್ತದೆ. ಬಿಗಿಯಾದ ಇಟ್ಟಿಗೆಗಳನ್ನು ಮಕ್ಕಳು ಹಲ್ಲಿನಿಂದ ಕಚ್ಚಿ ಬಿಡಿಸುವುದು ಎಲ್ಲ ದೇಶಗಳಲ್ಲಿಯೂ ಒಂದೇ ರೀತಿ.

ಪೂರ್ಣತೆಯ ಪರೀಕ್ಷೆಯು ಎಲ್ಲಕ್ಕಿಂತಲೂ ಶ್ರಮದ್ದು. ಎಂಟು ಉಬ್ಬುಗಳ ಸಾಮಾನ್ಯ ಇಟ್ಟಿಗೆಯೊಂದು ಎರಡೂಕಾಲು ಗ್ರಾಮಿಗೆ ತುಸು ಮೇಲ್ಪಟ್ಟು ತೂಗುತ್ತದೆ. ಕಿಲೋಗ್ರಾಮಿಗೆ ಸುಮಾರು ೪೩೦ ಇಟ್ಟಿಗೆಗಳು. ಹತ್ತು ಕಿಲೋಗ್ರಾಮಿನ ರಾಶಿಯಲ್ಲಿ ಹತ್ತಿಪ್ಪತ್ತು ಪೆಟ್ಟಿಗೆಗಳ ತುಂಡುಗಳು ಕಲೆತುಹೋಗಿರುತ್ತವೆ. ಅವನ್ನು ಬಣ್ಣ, ಆಕಾರ, ಕಾಲಗಳಿಂದ ವಿಂಗಡಿಸಿ, ಆಯಾ ಪೆಟ್ಟಿಗೆಯೊಡನೆ ಬಂದ ಚಿತ್ರಪುಸ್ತಕವನ್ನು ಹಿಡಿದು ಒಂದೊಂದನ್ನೂ ಎಣಿಸಿ, ಯಾವುದು ಪೂರ್ತಿ, ಯಾವುದಕ್ಕೆ ಏನು ಕೊರತೆ ಎಂದು ಗೊತ್ತುಮಾಡಬೇಕು. ೧೯೭೮ರಲ್ಲಿ ಬಂದ ಚಿಕ್ಕ ಮನುಷ್ಯಬೊಂಬೆಗಳಿದ್ದರೆ ಅವುಗಳ ಕೈ, ತಲೆ, ಟೋಪಿಗಳು ಮೂಲದವೇ ಎಂದು ನೋಡಬೇಕು. ಡಬ್ಬಿಯೂ ಪುಸ್ತಕವೂ ಇದ್ದರೆ ಬೆಲೆ ಮತ್ತಷ್ಟು ಏರುತ್ತದೆ.

ಇಲ್ಲಿ ನೈಯಾಯಿಕರಿಗೂ ಬೌದ್ಧರಿಗೂ ಬಹುಕಾಲ ನಡೆದ ಅವಯವ-ಅವಯವಿಗಳ ವಾದವು ನೆನಪಿಗೆ ಬಾರದಿರದು. ಎಳೆಗಳಿಗಿಂತ ಬಟ್ಟೆಯು ಬೇರೆಯಾದ ಒಂದು ವಸ್ತುವೆಂದು ನೈಯಾಯಿಕರು ಹೇಳುತ್ತಾರೆ. ಅಚ್ಚು, ಗಾಲಿ, ನೊಗಗಳನ್ನು ಬಿಟ್ಟರೆ ರಥವೆಂಬುದು ಬರಿಯ ಹೆಸರೆಂದು ನಾಗಸೇನನು ಮಿಲಿಂದರಾಜನಿಗೆ ಹೇಳಿದನು. ತತ್ತ್ವದಲ್ಲಿ ಯಾರು ಗೆದ್ದರೂ ಸಂತೆಯಲ್ಲಿ ಗೆದ್ದವನು ನೈಯಾಯಿಕನೇ. ಅವೇ ಇಟ್ಟಿಗೆಗಳು ರಾಶಿಯಲ್ಲಿದ್ದಾಗ ತೂಕದ ವಸ್ತು. ವಿಂಗಡಿಸಿ ಒಂದು ಪೂರ್ಣ ಪೆಟ್ಟಿಗೆಯಾಗಿ ಕೂಡಿಸಿದಾಗ ಅದಕ್ಕೆ ಬೇರೆಯೇ ಒಂದು ಬೆಲೆ. ಒಂದು ತುಂಡೂ ಹೆಚ್ಚಲಿಲ್ಲ, ಹೆಚ್ಚಿದುದು ಇಡಿತನ. ಈ ಇಡಿತನವನ್ನು ತಂದವನು ವಿಂಗಡಿಸಿದವನು. ಆದುದರಿಂದ ಬೆಲೆಯ ಒಂದು ಪಾಲು ಅವನ ದುಡಿಮೆಯಿಂದ ಹುಟ್ಟಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಮೂಲ ಡಬ್ಬಿಯೂ ಸೀಳುಳ್ಳ ಇಟ್ಟಿಗೆಯೂ ಅವನ ದುಡಿಮೆಯಿಂದ ಹುಟ್ಟಿದವಲ್ಲ. ಅವು ಅಟ್ಟದ ಮೇಲೆ ಎಪ್ಪತ್ತು ವರ್ಷ ಕಾದಿದ್ದವು. ಕಾದಿಟ್ಟವಳು ಆ ವೃದ್ಧೆ.

ದುರ್ಲಭತೆಯ ಮಾತು ಇನ್ನೂ ವಿಚಿತ್ರವಾದುದು. ಆಟಿಕೆಯು ಆಡುವುದಕ್ಕಾಗಿ ಹುಟ್ಟಿದ ವಸ್ತು. ಎಂಟು ಉಬ್ಬಿನ, ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು ೯೧,೫೧,೦೩,೭೬೫ ಬಗೆಯಾಗಿ ಕೂಡಿಸಬಹುದೆಂದು ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞ ಸೋರೆನ್ ಐಲರ್ಸರು ಎಣಿಸಿ ತೋರಿಸಿದ್ದಾರೆ. ಆ ತೊಂಬತ್ತೊಂದು ಕೋಟಿಯಲ್ಲಿ ಒಂದನ್ನೂ ಕಟ್ಟದೆ, ಮುದ್ರೆಯನ್ನು ಒಡೆಯದೆ ಕಪಾಟಿನಲ್ಲಿಟ್ಟ ಪೆಟ್ಟಿಗೆಗೆ ಸಂತೆಯಲ್ಲಿ ಅತ್ಯಧಿಕ ಬೆಲೆ. ಮಗುವು ಅಕ್ಕರೆಯಿಂದ ಆಡಿ ಸವೆಸಿದ ಪೆಟ್ಟಿಗೆಗೆ ಅತ್ಯಲ್ಪ ಬೆಲೆ. ೧೯೮೭ರಿಂದ ೨೦೧೫ರವರೆಗಿನ ಇಂಥ ಪೆಟ್ಟಿಗೆಗಳ ಬೆಲೆಗಳನ್ನು ಪರಿಶೀಲಿಸಿದ ಮಾಸ್ಕೋವಿನ ಅರ್ಥಶಾಸ್ತ್ರಜ್ಞರು ಅವು ಸರಾಸರಿಯಲ್ಲಿ ವರ್ಷಕ್ಕೆ ನೂರಕ್ಕೆ ಹನ್ನೊಂದರಷ್ಟು ಬೆಳೆದಿವೆಯೆಂದು ಹೇಳಿದರು. ಹೀಗೆ ಆಟಿಕೆಯು ಬಡ್ಡಿಯ ಗಂಟಾಗುತ್ತದೆ. ಆದರೆ ಈ ಬೆಲೆಯ ಬುಡ ಎಷ್ಟು ಸಡಿಲವೆಂಬುದಕ್ಕೆ ಆಗ್ರಾದ ತಾಜಮಹಲಿನ ಮಾದರಿಯೇ ನಿದರ್ಶನ. ೨೦೦೮ರಲ್ಲಿ ಲೆಗೋ ಸಂಸ್ಥೆಯು ೫,೯೨೨ ತುಂಡುಗಳಿಂದ ಆ ಮಹಲನ್ನು ಕಟ್ಟುವ ಪೆಟ್ಟಿಗೆಯನ್ನು ಹೊರಡಿಸಿತು. ಅದು ನಿಂತ ಮೇಲೆ ಹಳೆಯ ಪೆಟ್ಟಿಗೆಗಳ ಬೆಲೆ ಹಲವು ಪಟ್ಟು ಏರಿತು. ೨೦೧೭ರಲ್ಲಿ ಸಂಸ್ಥೆಯು ೫,೯೨೩ ತುಂಡುಗಳ ಹೊಸ ಪೆಟ್ಟಿಗೆಯನ್ನು ಹೊರಡಿಸಲು ಏರಿದ ಬೆಲೆ ಇಳಿದುಹೋಯಿತು. ಹಳೆಯ ಪೆಟ್ಟಿಗೆಯಲ್ಲಿ ಒಂದು ಇಟ್ಟಿಗೆಯೂ ಕೆಟ್ಟಿರಲಿಲ್ಲ. ಆ ಮಹಲು ಒಂದಂಗುಲವೂ ಕುಸಿದಿರಲಿಲ್ಲ. ಇತರರಿಗೆ ದೊರೆಯದೆಂಬುದರಿಂದ ಏರಿದ್ದ ಬೆಲೆ, ಇತರರಿಗೂ ದೊರೆಯಿತೆಂಬುದರಿಂದ ಇಳಿಯಿತು.

ಇದರಿಂದ ತಿಳಿಯತಕ್ಕದ್ದೇನು? ಬೆಲೆಯು ಕೇವಲ ವಸ್ತುವಿನಲ್ಲಿಲ್ಲ, ಕೇವಲ ಕಣ್ಣಿನಲ್ಲಿಯೂ ಇಲ್ಲ. ವಸ್ತು, ದುಡಿಮೆ, ಜನರ ಬಯಕೆ ಈ ಮೂರರ ಕೂಡಿಕೆಯಲ್ಲಿ ಅದು ಹುಟ್ಟುತ್ತದೆ. ವಸ್ತುವು ಮಾರುವವಳದು. ದುಡಿಮೆಯು ಕೊಳ್ಳುವವನದು. ಬಯಕೆಯು ಲೋಕದ್ದು, ಅದು ಇಬ್ಬರಲ್ಲಿ ಯಾರ ಸ್ವತ್ತೂ ಅಲ್ಲ. ಆ ಬಯಕೆಯ ಸುದ್ದಿ ಮಾತ್ರ ಒಬ್ಬನ ಕಿವಿಗೆ ಬಿದ್ದಿದೆ, ಇನ್ನೊಬ್ಬಳ ಕಿವಿಗೆ ಬಿದ್ದಿಲ್ಲ. ಹಾಗಾದರೆ ಪ್ರಶ್ನೆಯು ಇಷ್ಟಕ್ಕೆ ಬಂದು ನಿಲ್ಲುತ್ತದೆ: ಸುದ್ದಿ ತಿಳಿದವನು ತಿಳಿಯದವಳಿಗೆ ಅದನ್ನು ಹೇಳಬೇಕೇ?

೪

ಹೇಳಬೇಕಾಗಿಲ್ಲವೆಂಬ ಪಕ್ಷವು ದುರ್ಬಲವಾದುದಲ್ಲ. ವ್ಯಾಪಾರಿಯು ಈ ತಿಳಿವನ್ನು ವರ್ಷಗಟ್ಟಲೆ ದುಡಿದು ಸಂಪಾದಿಸಿದ್ದಾನೆ. ಸಾವಿರ ಪೆಟ್ಟಿಗೆಗಳನ್ನು ತೆರೆದು ತೊಂಬತ್ತೊಂಬತ್ತರಲ್ಲಿ ಮೋಸಹೋಗಿ ಕಲಿತಿದ್ದಾನೆ. ಕಲಿತುದನ್ನೆಲ್ಲ ಕೇಳಿದವರಿಗೆಲ್ಲ ಉಚಿತವಾಗಿ ಹಂಚಬೇಕೆಂದರೆ ಮುಂದೆ ಕಲಿಯುವವರಾರು? ಅದಲ್ಲದೆ, ಅವನು ಬಾರದಿದ್ದರೆ ಆ ಪೆಟ್ಟಿಗೆಯು ಕಸದೊಡನೆ ಹೋಗುತ್ತಿತ್ತು. ಆಕೆಗೆ ತೂಕದ ಬೆಲೆಯಾದರೂ ಬಂತು. ಲೋಕಕ್ಕೆ ಹಳೆಯ ವಸ್ತುವೊಂದು ಉಳಿಯಿತು. ಅವನು ಸುಳ್ಳು ಹೇಳಲಿಲ್ಲ, ಸುಮ್ಮನಿದ್ದನು ಅಷ್ಟೆ.

ಈ ವಾದವು ಬಹಳ ಹಳೆಯದು. ರೋಮಿನ ಸಿಸೆರೋ ಪಂಡಿತನು ಕ್ರಿಸ್ತಪೂರ್ವ ೪೪ರಲ್ಲಿ ತನ್ನ ಮಗನಿಗೆಂದು ಬರೆದ ಕರ್ತವ್ಯಗ್ರಂಥದಲ್ಲಿ ಇದೇ ಬಗೆಯ ಒಂದು ಪ್ರಸಂಗವನ್ನು ಎತ್ತಿ ವಿಚಾರಿಸಿದ್ದಾನೆ. ರೋಡ್ಸ್ ದ್ವೀಪದಲ್ಲಿ ಕ್ಷಾಮ. ಅಲೆಕ್ಸಾಂಡ್ರಿಯಾದಿಂದ ವರ್ತಕನೊಬ್ಬನು ಧಾನ್ಯದ ಹಡಗಿನೊಡನೆ ಬಂದಿದ್ದಾನೆ. ಹಿಂದೆ ಇನ್ನೂ ಹಲವು ಹಡಗುಗಳು ಧಾನ್ಯ ತುಂಬಿಕೊಂಡು ಬರುತ್ತಿರುವುದನ್ನು ಅವನು ಕಂಡಿದ್ದಾನೆ. ಅದನ್ನು ಜನರಿಗೆ ಹೇಳಬೇಕೇ, ಸುಮ್ಮನಿದ್ದು ಹೆಚ್ಚಿನ ಬೆಲೆಗೆ ಮಾರಬಹುದೇ? ಬ್ಯಾಬಿಲೋನಿನ ಡಯೋಜೆನೀಸನು, ಕಾನೂನು ಕೇಳುವಷ್ಟನ್ನು ಹೇಳಿದರೆ ಸಾಕು, ಹೇಳದಿರುವುದೂ ಮರೆಮಾಚುವುದೂ ಒಂದೇ ಅಲ್ಲ ಎಂದನು. ಅವನ ಶಿಷ್ಯನಾದ ಆಂಟಿಪೇಟರನು, ಕೊಳ್ಳುವವನಿಗೆ ತಿಳಿಯದುದು ಮಾರುವವನಿಗೆ ತಿಳಿದಿದ್ದರೆ ಎಲ್ಲವನ್ನೂ ಹೇಳತಕ್ಕದ್ದು ಎಂದನು. ಇಬ್ಬರ ಮಾತನ್ನೂ ತೂಗಿ ನೋಡಿದ ಸಿಸೆರೋ ಶಿಷ್ಯನ ಕಡೆಗೇ ನಿಂತನು.

ಕಾನೂನು ಮಾತ್ರ ಬಹುಮಟ್ಟಿಗೆ ಗುರುವಿನ ಕಡೆಗೆ ನಿಂತಿದೆ. ೧೮೧೫ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಿ ಆರ್ಗನ್ ಎಂಬ ವ್ಯಾಪಾರಿಯು ಇಂಗ್ಲೆಂಡಿನೊಡನೆ ಸಂಧಿಯಾಯಿತೆಂಬ ಸುದ್ದಿಯನ್ನು ಊರಿಗಿಂತ ಮೊದಲು ತಿಳಿದು ೧೧೧ ಪೀಪಾಯಿ ಹೊಗೆಸೊಪ್ಪನ್ನು ಕೊಂಡನು. ಸುದ್ದಿ ಹರಡಿದೊಡನೆ ಬೆಲೆ ಏರಿತು. ೧೮೧೭ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು, ಕೊಳ್ಳುವವನು ತಾನಾಗಿ ಅಂಥ ಸುದ್ದಿಯನ್ನು ಹೇಳಬೇಕೆಂಬ ಕಟ್ಟಿಲ್ಲವೆಂದು ಹೇಳಿತು. ಆದರೆ ಬೆಲೆಯೇರಿಸುವ ಸುದ್ದಿಯೇನಾದರೂ ಉಂಟೇ ಎಂದು ಮಾರುವವರು ಕೇಳಿದ್ದರು. ಆದುದರಿಂದ ಅಲ್ಲಿ ವಂಚನೆ ನಡೆಯಿತೇ ಎಂಬುದನ್ನು ಮತ್ತೆ ವಿಚಾರಿಸಬೇಕೆಂದು ಮೊಕದ್ದಮೆಯನ್ನು ಹಿಂದಕ್ಕೆ ಕಳುಹಿಸಿತು. ಭಾರತದ ೧೮೭೨ರ ಕರಾರು ಕಾಯಿದೆಯ ೧೭ನೆಯ ಕಲಮೂ ಬರಿಯ ಮೌನವನ್ನು ವಂಚನೆಯೆಂದು ಎಣಿಸುವುದಿಲ್ಲ. ಇಬ್ಬರು ವರ್ತಕರಲ್ಲಿ ಒಬ್ಬನಿಗೆ ಬೆಲೆಯ ಬದಲಾವಣೆಯ ಸುದ್ದಿ ಗುಟ್ಟಾಗಿ ತಿಳಿದಿದ್ದರೆ ಅದನ್ನು ಇನ್ನೊಬ್ಬನಿಗೆ ಹೇಳಬೇಕಾಗಿಲ್ಲವೆಂದು ಅದೇ ಉದಾಹರಣೆ ಕೊಡುತ್ತದೆ. ಆದರೆ ಆ ಕಾಯಿದೆಯೇ ಒಂದು ಬಾಗಿಲನ್ನು ತೆರೆದಿಟ್ಟಿದೆ. ತಂದೆಯು ಈಗತಾನೆ ಪ್ರಾಯಕ್ಕೆ ಬಂದ ಮಗಳಿಗೆ ಕುದುರೆಯನ್ನು ಮಾರುವಾಗ ಅದರ ದೋಷವನ್ನು ಹೇಳಲೇಬೇಕೆಂದು ಅದು ವಿಧಿಸುತ್ತದೆ. ಏಕೆಂದರೆ ಆ ಸಂಬಂಧದಲ್ಲಿ ಮಾತನಾಡುವುದೇ ಕರ್ತವ್ಯ.

೫

ಬೀಗದ ಕೈ ಇಲ್ಲಿಯೇ ಇದೆ. ಮೌನವು ತಪ್ಪೇ ಅಲ್ಲವೇ ಎಂಬುದು ಮೌನವನ್ನು ನೋಡಿ ತಿಳಿಯುವ ಸಂಗತಿಯಲ್ಲ. ಇಬ್ಬರ ನಡುವಣ ಸಂಬಂಧವನ್ನು ನೋಡಿ ತಿಳಿಯತಕ್ಕದ್ದು. ಇಬ್ಬರು ಆಟಿಕೆಯ ವ್ಯಾಪಾರಿಗಳು ಎದುರುಬದುರಾಗಿ ನಿಂತಾಗ ಇಬ್ಬರೂ ಕಣ್ಣುಳ್ಳವರು. ಒಬ್ಬನು ಸೋತರೆ ಅದು ಪಂದ್ಯದ ಸೋಲು. ನಾಳೆ ಅವನೇ ಗೆದ್ದಾನು. ಆದರೆ ವೃದ್ಧೆಯು “ಇದಕ್ಕೆ ಏನು ಬೆಲೆ ಬಂದೀತು?” ಎಂದು ಕೇಳಿದ ಕ್ಷಣದಲ್ಲಿ ಆ ವ್ಯಾಪಾರಿಯ ಸ್ಥಾನವೇ ಬದಲಾಯಿತು. ಅಲ್ಲಿಯವರೆಗೆ ಅವನು ಕೊಳ್ಳುವವನು. ಆಮೇಲೆ ಅವನು ತೀರ್ಪು ಹೇಳುವವನು. ಕೇಳಿದವಳು ತನ್ನ ಕಣ್ಣಿನ ಕೆಲಸವನ್ನು ಅವನ ಕಣ್ಣಿಗೆ ಒಪ್ಪಿಸಿದಳು. ಒಪ್ಪಿಸಿದುದನ್ನು ಒಪ್ಪಿಕೊಂಡು, ತೂಕದ ಬೆಲೆಯನ್ನೇ ನಿಜವಾದ ಬೆಲೆಯೆಂಬಂತೆ ಹೇಳಿದರೆ ಅದು ಇನ್ನು ಮೌನವಲ್ಲ. ಆಕೆಯ ವಿಶ್ವಾಸವನ್ನೇ ಆಕೆಯ ವಿರುದ್ಧ ನಡೆಸಿದಂತೆ. ತಾನೇ ನ್ಯಾಯಾಧೀಶನೂ ತಾನೇ ಕಕ್ಷಿಗಾರನೂ ಆದವನು ತೀರ್ಪನ್ನು ತನ್ನ ಕಡೆಗೆ ತಿರುಗಿಸಿಕೊಂಡರೆ ಅದಕ್ಕೆ ಲೋಕದಲ್ಲಿ ಬೇರೆ ಹೆಸರುಂಟು.

ಮಹಾಭಾರತದ ಶಾಂತಿಪರ್ವದಲ್ಲಿ ಬರುವ ತುಲಾಧಾರನ ಕಥೆಯು ವಾಚಕರಿಗೆ ತಿಳಿದೇ ಇದೆ. ಜಡೆಯಲ್ಲಿ ಹಕ್ಕಿಗಳು ಗೂಡುಕಟ್ಟುವವರೆಗೆ ಅಲುಗದೆ ನಿಂತ ಜಾಜಲಿ ಮುನಿಯು ತನ್ನ ತಪಸ್ಸಿನ ಗರ್ವವನ್ನು ಕಳೆದುಕೊಳ್ಳಬೇಕಾದುದು ವಾರಾಣಸಿಯ ಒಬ್ಬ ಅಂಗಡಿಕಾರನೆದುರಿಗೆ. ಆ ವರ್ತಕನ ಹಿರಿಮೆಯೆಲ್ಲ ಅವನ ತಕ್ಕಡಿಯು ಎಲ್ಲ ಪ್ರಾಣಿಗಳಿಗೂ ಸಮವಾಗಿ ನಿಲ್ಲುತ್ತಿತ್ತೆಂಬುದರಲ್ಲಿತ್ತು. ಇಲ್ಲಿ ಗಮನಿಸತಕ್ಕದ್ದೇನೆಂದರೆ, ತುಲಾಧಾರನು ವ್ಯಾಪಾರವನ್ನು ಬಿಟ್ಟವನಲ್ಲ. ಅವನು ಕೊಂಡನು, ಮಾರಿದನು, ಬದುಕಿದನು. ಧರ್ಮವು ಅವನಿಂದ ಲಾಭವನ್ನು ಬಿಡಿಸಲಿಲ್ಲ. ತಕ್ಕಡಿಯ ಓಲುವಿಕೆಯನ್ನು ಬಿಡಿಸಿತು.

ಹಾಗಾದರೆ ವ್ಯಾಪಾರಿಗೆ ಸಲ್ಲತಕ್ಕ ಲಾಭವೆಷ್ಟು? ರಾಶಿಯನ್ನು ತೊಳೆದು ವಿಂಗಡಿಸುವ ಶ್ರಮಕ್ಕೆ ಕೂಲಿ, ಹಾಕಿದ ಬಂಡವಾಳಕ್ಕೆ ಬಡ್ಡಿ, ಮಾರದೆ ಉಳಿದರೆ ಆಗುವ ನಷ್ಟದ ಭಯಕ್ಕೆ ಪರಿಹಾರ, ವರ್ಷಗಟ್ಟಲೆ ಕಲಿತ ವಿದ್ಯೆಗೆ ತಕ್ಕ ಗೌರವ, ಇವೆಲ್ಲವೂ ಅವನಿಗೆ ಸಲ್ಲಬೇಕು. ನೂರಕ್ಕೆ ಮಾರಬಹುದಾದುದನ್ನು ಐವತ್ತಕ್ಕೆ ಕೊಂಡರೆ ಅದು ನ್ಯಾಯವಾಗಿರಬಹುದು. ಐದಕ್ಕೆ ಕೊಂಡರೆ, ಹೆಚ್ಚಾಗಿ ಬಂದದ್ದು ವಿದ್ಯೆಯ ಕೂಲಿಯಲ್ಲ. ಇನ್ನೊಬ್ಬರ ಅರಿಯಮೆಯ ಮೇಲೆ ಹಾಕಿದ ತೆರಿಗೆ. ವೈದ್ಯನೂ ತನ್ನ ವಿದ್ಯೆಗೆ ಹಣ ಪಡೆಯುತ್ತಾನೆ. ರೋಗಿಗೆ ರೋಗದ ಹೆಸರನ್ನು ಹೇಳದೆ ಬಚ್ಚಿಟ್ಟುಕೊಂಡು ಪಡೆಯುವುದಿಲ್ಲ. ವಿದ್ಯೆಗೆ ಫಲವಿಲ್ಲದಿದ್ದರೆ ಕಲಿಯುವವರಾರು ಎಂಬ ಆಕ್ಷೇಪಕ್ಕೆ ಇದೇ ಸಮಾಧಾನ. ಕಸದಿಂದ ಉಳಿಸಿದೆನೆಂಬ ವಾದಕ್ಕೂ ಇದೇ ಉತ್ತರ. ನೀರಿನಲ್ಲಿ ಮುಳುಗುತ್ತಿದ್ದ ಗಂಟನ್ನು ಎತ್ತಿಕೊಟ್ಟವನಿಗೆ ಬಹುಮಾನ ಸಲ್ಲುತ್ತದೆ, ಗಂಟು ಸಲ್ಲುವುದಿಲ್ಲ.

ಈ ನೀತಿಯು ನಡೆಯತಕ್ಕದ್ದೇ ಎಂದು ಸಂದೇಹಪಡುವವರಿಗೆ ಸಿಸೆರೋ ತನ್ನ ಅದೇ ಗ್ರಂಥದಲ್ಲಿ ಕ್ವಿಂಟಸ್ ಸ್ಕೆವೋಲನ ನಿದರ್ಶನವನ್ನು ಕೊಡುತ್ತಾನೆ. ಸ್ಕೆವೋಲನು ಒಂದು ಹೊಲವನ್ನು ಕೊಳ್ಳಬೇಕೆಂದಿದ್ದನು. ಬೆಲೆಯನ್ನು ಒಂದೇ ಮಾತಿನಲ್ಲಿ ಹೇಳಿಬಿಡಬೇಕೆಂದು ಮಾರುವವನನ್ನು ಕೇಳಿದನು. ಅವನು ಹೇಳಿದನು. ಆಗ ಸ್ಕೆವೋಲನು, ತನ್ನ ಎಣಿಕೆಯಲ್ಲಿ ಹೊಲವು ಅದಕ್ಕಿಂತ ಹೆಚ್ಚು ಬಾಳುತ್ತದೆಯೆಂದು ಹೇಳಿ, ಮೇಲೆ ಒಂದು ಲಕ್ಷ ಸೆಸ್ಟರ್ಸ್ ನಾಣ್ಯಗಳನ್ನು ಸೇರಿಸಿ ಕೊಟ್ಟನು. ಇದು ಸಜ್ಜನನ ಕೆಲಸವೆಂದು ಎಲ್ಲರೂ ಒಪ್ಪುತ್ತಾರೆ, ಆದರೆ ಜಾಣನ ಕೆಲಸವಲ್ಲವೆನ್ನುತ್ತಾರೆ ಎಂದು ಸಿಸೆರೋ ವಿಷಾದಿಸುತ್ತಾನೆ. ಸಜ್ಜನಿಕೆಯೂ ಜಾಣತನವೂ ಬೇರೆ ಬೇರೆಯೆಂದು ಜನರು ತಿಳಿದಿರುವುದೇ ಕೇಡಿನ ಮೂಲವೆಂದು ಆತನ ಅಭಿಪ್ರಾಯ.

ಎಲ್ಲರೂ ಸ್ಕೆವೋಲರಾಗಬೇಕೆಂದು ಕೇಳುವುದು ಅತಿಯಾದೀತು. ಊರ ಸಂತೆಯಲ್ಲಿ ಯಾರೋ ಬೆಲೆಚೀಟಿ ಅಂಟಿಸಿಟ್ಟ ಡಬ್ಬಿಯಲ್ಲಿ ಒಂದು ಅಪೂರ್ವವಾದ ಬೊಂಬೆಯನ್ನು ಕಂಡು, ಬರೆದ ಬೆಲೆಯನ್ನು ಕೊಟ್ಟು ಕೊಂಡವನನ್ನು ಕಳ್ಳನೆನ್ನಲಾಗದು. ಅಲ್ಲಿ ಯಾರೂ ಅವನ ಕಣ್ಣನ್ನು ನೆಚ್ಚಿಕೊಂಡಿರಲಿಲ್ಲ. ಹೆಚ್ಚಿನದನ್ನು ಹೇಳಿ ಕೊಟ್ಟರೆ ಅದು ಅವನ ಔದಾರ್ಯ, ಕೊಡದಿದ್ದರೆ ಅಪರಾಧವಲ್ಲ. ಆದರೆ ಕೇಳಿದವರಿಗೆ 

ನೇರವಾಗಿ ಹೇಳುವುದು ಔದಾರ್ಯವಲ್ಲ, ಋಣ. ಈ ಎರಡರ ನಡುವೆ ಗೆರೆ ಮಸಕಾದೆಡೆಯಲ್ಲಿ ಒಂದು ಸುಲಭವಾದ ಪರೀಕ್ಷೆಯುಂಟು. ಕೊಂಡ ಹಾಗೂ ಮಾರಿದ ಪದಾರ್ಥದ ವಿಷಯದಲ್ಲಿ ಪಶ್ಚಾತ್ತಾಪಪಟ್ಟವನು ಹತ್ತು ದಿನಗಳೊಳಗೆ ಅದನ್ನು ಹಿಂದಕ್ಕೆ ಕೊಡಬಹುದು, ಹಿಂದಕ್ಕೆ ಪಡೆಯಲೂಬಹುದು ಎಂದು ಮನುಸ್ಮೃತಿಯ ಎಂಟನೆಯ ಅಧ್ಯಾಯವು ವಿಧಿಸುತ್ತದೆ. ಆ ವಿಧಿಯು ಇಂದಿನ ನ್ಯಾಯಸ್ಥಾನಗಳಲ್ಲಿ ನಡೆಯುವುದಿಲ್ಲವಾದರೂ ಅಂತರಂಗದ ನ್ಯಾಯಸ್ಥಾನದಲ್ಲಿ ನಡೆಯಬಹುದು. ಹತ್ತನೆಯ ದಿನ ಆಕೆಗೆ ಎಲ್ಲವೂ ತಿಳಿದು, ಆಕೆಯು ಎದುರಿಗೆ ಬಂದು ನಿಂತರೆ, ಲೆಕ್ಕವನ್ನೆಲ್ಲ ಬಿಚ್ಚಿ ತೋರಿಸಲು ವ್ಯಾಪಾರಿಯು ಅಂಜದಿರಬೇಕು. ಅಂಜದಿದ್ದರೆ ಅವನು ಕೊಟ್ಟ ಬೆಲೆಯು ಸರಿ; ಅಂಜಿದರೆ ತಪ್ಪು.

೬

ಈ ನೇರಮಾತಿಗೆ ಇನ್ನೊಂದು ಮುಖವೂ ಉಂಟು. ಹಳೆಯದೆಲ್ಲವೂ ನಿಧಿಯೆಂಬ ಭ್ರಮೆ ಇತ್ತೀಚೆಗೆ ಬಹಳ ಹರಡಿದೆ. ಅಟ್ಟದ ಪೆಟ್ಟಿಗೆಗಳಲ್ಲಿ ಬಹುಪಾಲಿನಲ್ಲಿ ಇರುವುದು ಎಲ್ಲೆಡೆಯೂ ದೊರೆಯುವ ಸಾಮಾನ್ಯ ಇಟ್ಟಿಗೆಗಳೇ. ಅರ್ಧ ಕಳೆದುಹೋದ, ಬಣ್ಣ ಮಾಸಿದ, ಬೇರೆ ಕಾರ್ಖಾನೆಗಳ ತುಂಡುಗಳು ಬೆರೆತ ರಾಶಿಗೆ ತೂಕದ ಬೆಲೆಯೇ ಸರಿಯಾದ ಬೆಲೆ. ಅದನ್ನು ಆಸೆಯಿಂದ ಕೇಳುವವರಿಗೆ ಹಾಗೆಂದೇ ಹೇಳಬೇಕು. ಸಮವಾದ ತಕ್ಕಡಿಯು ಎರಡು ಕಡೆಗೂ ಸಮ. ಹಿರಿದನ್ನು ಕಿರಿದೆನ್ನುವುದು ತಪ್ಪಾದರೆ ಕಿರಿದನ್ನು ಹಿರಿದೆನ್ನುವುದೂ ತಪ್ಪು. ಮತ್ತು ಇಂದು ಕೊಂಡವನು ನಾಳೆ ಮಾರುವವನಾಗುತ್ತಾನೆ. ಹಳದಿಗೆ ತಿರುಗಿದ ಇಟ್ಟಿಗೆಯನ್ನು ಹೈಡ್ರೊಜನ್ ಪೆರಾಕ್ಸೈಡಿನಲ್ಲಿ ನೆನೆಸಿ ಬಿಸಿಲಿಗಿಟ್ಟು ಬೆಳ್ಳಗಾಗಿಸುವ ಉಪಾಯವುಂಟು. ಕಳೆದ ತುಂಡಿನ ಸ್ಥಾನದಲ್ಲಿ ಬೇರೆ ತುಂಡನ್ನಿಡುವ ರೂಢಿಯುಂಟು. ಇವನ್ನು ಮಾಡುವುದು ದೋಷವಲ್ಲ, ಮಾಡಿ ಹೇಳದಿರುವುದು ದೋಷ. ವೃದ್ಧೆಯ ಅರಿಯಮೆಯನ್ನು ಸುಲಿಯದವನು ಸಂಗ್ರಹಕಾರನ ಅರಿಯಮೆಯನ್ನೂ ಸುಲಿಯಲಾರನು.

ಕಡೆಗೆ, ಯಾವ ಪರೀಕ್ಷಕನ ಪಟ್ಟಿಗೂ ಸೇರದ ಒಂದು ಅಂಶವು ಆ ಪೆಟ್ಟಿಗೆಯಲ್ಲಿ ಉಳಿದೇ ಇರುತ್ತದೆ. ಇಟ್ಟಿಗೆಯೊಂದರ ಮೇಲೆ ಹಲ್ಲಿನ ಗುರುತಿದೆ. ವ್ಯಾಪಾರಿಯ ಲೆಕ್ಕದಲ್ಲಿ ಅದು ಕುಂದು. ತಾಯಿಗೆ ಅದು ಮಗನ ಐದನೆಯ ವಯಸ್ಸು. ಅದಕ್ಕೆ ಬೆಲೆ ಕಟ್ಟಲು ಅವನು ಹೋಗಬಾರದು. ಕಟ್ಟಲಾಗದೆಂದು ಅದನ್ನು ಇಲ್ಲವೆನ್ನಲೂ ಬಾರದು. ಇರುವುದನ್ನು ಇರುವಂತೆ ಹೇಳಿದ ಮೇಲೆ, ಮಾರುವುದೋ ಇಟ್ಟುಕೊಳ್ಳುವುದೋ ಎಂಬುದನ್ನು ಆಕೆಯು ತಿಳಿದು ನಿರ್ಧರಿಸಬಲ್ಲಳು. ತಿಳಿದು ಮಾರಿದರೆ ಅದು ಮಾರಾಟ. ತಿಳಿಯದೆ ಮಾರಿದರೆ ಆಕೆಯು ಕಳೆದುಕೊಳ್ಳುವುದು ಹಣವನ್ನು ಮಾತ್ರವಲ್ಲ. ತನ್ನ ಮನೆಯ ವಸ್ತುವಿನ ಮೇಲೆ ತಾನೇ ತೀರ್ಮಾನ ಮಾಡುವ ಹಕ್ಕನ್ನು ಕೂಡ.

ಆದುದರಿಂದ ಆ ವ್ಯಾಪಾರಿಯು ಹೇಳತಕ್ಕ ಮಾತು ಇಷ್ಟೇ: ಇದು ಇಂಥ ಕಾಲದ್ದು, ಇಂಥವರು ಇದನ್ನು ಬಯಸುತ್ತಾರೆ, ಮಾರಿದರೆ ಇಷ್ಟು ಬಂದೀತು, ತನ್ನ ಕೂಲಿಯನ್ನು ಕಳೆದು ಇಷ್ಟು ಕೊಡಬಲ್ಲೆನು. ಈ ನಾಲ್ಕು ಮಾತುಗಳಿಂದ ಅವನ ಲಾಭವು ಕೊಂಚ ಕಡಮೆಯಾದೀತು. ಆದರೆ ಮುಂದೆ ಆ ಊರಿನಲ್ಲಿ ಇನ್ನೊಂದು ಅಟ್ಟದ ಪೆಟ್ಟಿಗೆಯನ್ನು ತೆರೆಯುವಾಗ ಜನರು ಕರೆಯಿಸುವುದು ಅವನನ್ನೇ.